ಚಾಕಿ ಕೋಣೆಗೆ ಬಂದ ಕಾರ್ತಿಕದ ಚಳಿ

ರೇಷ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೇಳುವುದು ರೋಗದ ಬಗ್ಗೆ, ಹುಳುವಿಗೆ ಕಂಟಕವಾದ ಊಜಿ ನೊಣದ ಬಗ್ಗೆ, ಬೇಸಿಗೆಯ ಬಿಸಿಲಿನ ಬಗ್ಗೆ. ಚಳಿಯ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ ಎಂಥ ಮಹಾ ಚಳಿ ಎನ್ನುವುದು ಅವರ ಎಣಿಕೆ. ಸ್ವೆಟರ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಸಾಲುವಷ್ಟು ಚಳಿ, ಅಷ್ಟೇ. ನನ್ನ ಇಡೀ ಕೆಲಸದ ಬದುಕಿನಲ್ಲಿ ನಾನು ಹೆದರಿದ್ದು ಅದೊಂದಕ್ಕೇ. ಹಾಗಾಗಿ ಅದನ್ನೇ ಬರೆಯುತ್ತೇನೆ. ಬಡ್ತಿ, ಸನ್ಮಾನಗಳ ಕಥೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ನನಗೆ ಹೊದಿಸಿದ ಶಾಲು ಕೂಡ ತೆಳ್ಳಗಿತ್ತು.

ಇನ್ನೊಂದು ಮಾತು. ಇದು ನಾರಾಯಣಮ್ಮನ ಸಾವಿನ ಬಗ್ಗೆ ಬರೆದದ್ದು. ಓದುತ್ತಾ ಹೋದಂತೆ ಗೊತ್ತಾಗಲಿ ಎಂದು ಮುಚ್ಚಿಡುವುದಿಲ್ಲ. ಅವಳು ಸತ್ತದ್ದು ಚಳಿಗೆ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು ಎನ್ನುವುದಕ್ಕಾಗಿಯೇ ನಾನು ಪೆನ್ನು ಹಿಡಿದಿರುವುದು.

ನಾನು ಮೇಲ್ವಿಚಾರಕನಾಗಿದ್ದದ್ದು ದೇವನಹಳ್ಳಿಯಿಂದ ಹೊಸಕೋಟೆಗೆ ಹೋಗುವ ದಾರಿಯ ಒಂದು ಖಾಸಗಿ ಚಾಕಿ ಕೇಂದ್ರದಲ್ಲಿ. ಹೆಸರು ಬರೆಯುವುದಿಲ್ಲ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡನೇ ಜ್ವರ ಕಳೆಯುವವರೆಗೆ ಸಾಕಿ ರೈತರ ಕೈಗೆ ಕೊಡುವ ಜಾಗ ಅದು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಕೂಸು ಮಲಗಿದ ಮನೆಯಲ್ಲಿರುವಂತೆ ಮೆಲ್ಲಗೆ ಓಡಾಡಬೇಕು. ಕೋಣೆ ಬೆಚ್ಚಗಿರಬೇಕು. ಚಳಿಯಾದರೆ ಜ್ವರ ಬಿಡುವುದು ತಡವಾಗುತ್ತದೆ, ಕೆಲವು ಹುಳು ಏಳುತ್ತವೆ, ಕೆಲವು ಏಳುವುದಿಲ್ಲ, ಆಮೇಲೆ ಇಡೀ ಬೆಳೆ ಏರುಪೇರು.

ನಾನು ಸೇರಿದಾಗ ಅಲ್ಲಿ ದೊಡ್ಡವರೆಂದರೆ ವೆಂಕಟಪ್ಪ. ಉಷ್ಣಮಾಪಕ ಗೋಡೆಯ ಮೇಲೆ ಇತ್ತು, ಆದರೆ ಅವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಬಂದವರೇ ಅಂಗಿ ಬಿಚ್ಚಿ, ಬರಿಮೈಯಲ್ಲಿ ಚಾಕಿ ಕೋಣೆಗೆ ಹೋಗಿ ಹುಳು ಸಾಕುವ ತಟ್ಟೆಗಳ ನಡುವೆ ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಮೈ ಜುಮ್ಮೆಂದರೆ ಇದ್ದಿಲ ಒಲೆ ತರಿಸುವರು, ಉಸಿರು ಕಟ್ಟಿದರೆ ಕಿಟಕಿ ತೆಗೆಸುವರು.

"ಮನುಷ್ಯ ನಿಂತ್ಕೊಳಕ್ ಆಗ್ದೇ ಇರೋ ಜಾಗ್ದಲ್ಲಿ ಹುಳ ಹೆಂಗಯ್ಯಾ ಇರ್ತದೆ?" ಎನ್ನುತ್ತಿದ್ದರು. ನಾವು ಹುಡುಗರು ಹಿಂದಿನಿಂದ ಅವರ ಹೊಟ್ಟೆ ನೋಡಿ ನಗುತ್ತಿದ್ದೆವು. ಒಮ್ಮೆ ಅವರು ಹಾಗೆ ನಿಂತಿದ್ದಾಗ ಊರಿನ ಹೆಂಗಸರು ಹುಳು ನೋಡಲು ಬಂದು, ಕಿರುಚಿ ವಾಪಸ್ ಓಡಿದ್ದೂ ಉಂಟು.

ವೆಂಕಟಪ್ಪನವರ ಕಾಲದಲ್ಲಿಯೇ ಒಂದು ವರ್ಷ ಬೇಸಿಗೆ ಮಳೆ ಬೇಗ ಬಂದು ಆಲಿಕಲ್ಲು ಸುರಿಯಿತು. ನಮ್ಮ ಕಡೆ ಹಿಮ ಎಂದರೆ ಅದೇ. ರಸ್ತೆ, ಗದ್ದೆ, ಬದು ಎಲ್ಲಾ ಬೆಳ್ಳಗೆ. ಊರಿನ ಜನ ಸ್ಟೀಲ್ ಬಟ್ಟಲು ಹಿಡಿದು ಬೀದಿಗೆ ಬಂದು ಕುಣಿದಾಡಿದರು. ನಮ್ಮ ಹಿಪ್ಪುನೇರಳೆ ತೋಟದಲ್ಲಿ ಒಂದೆಲೆ ನೆಟ್ಟಗೆ ಉಳಿದಿರಲಿಲ್ಲ. ಒಳಗೆ ಹುಳು ಸೊಪ್ಪಿಗಾಗಿ ತಲೆಯಾಡಿಸುತ್ತಿತ್ತು. ಹೊಸಕೋಟೆ ಕಡೆಯಿಂದ ಸೊಪ್ಪು ತರಿಸಿದೆವು, ಅದು ಒದ್ದೆ. ಒದ್ದೆ ಸೊಪ್ಪು ಹಾಕಿದರೆ ಹುಳು ಕೆಡುತ್ತದೆಂದು ಎಲೆ ಎಲೆಯನ್ನೂ ಪಂಚೆಯಲ್ಲಿ ಒರೆಸುತ್ತಾ ಕೂತೆವು. ಅರ್ಧ ಹುಳು ಹೋಯಿತು. ವೆಂಕಟಪ್ಪ ಯಾರಿಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ವೆಂಕಟಪ್ಪ ತೀರಿಹೋದರು. ಕೇಂದ್ರದ ಯಜಮಾನರ ಮಗನೇ ಯಜಮಾನರಾದರು. ಓದಿದವರು, ಬೆಂಗಳೂರಿನಲ್ಲಿ ಮನೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಈ ಬರಹ ಸುಲಭವಾಗುತ್ತಿತ್ತು. ಹೊಸ ಕಟ್ಟಡ ಕಟ್ಟಿಸಿದರು, ಕರೆಂಟಿನ ಹೀಟರ್ ಹಾಕಿಸಿದರು, ಗೋಡೆಗೆ ಒಂದು ಚಿಕ್ಕ ಡಬ್ಬಿ ಅಂಟಿಸಿದರು. ಕೋಣೆಯ ಶಾಖ ಎಷ್ಟಿದೆ ಎನ್ನುವುದು ಆ ಡಬ್ಬಿಯಿಂದ ನೇರವಾಗಿ ಅವರ ಮೊಬೈಲಿಗೆ ಹೋಗುತ್ತಿತ್ತು. ಶಾಖ ಇಳಿದರೆ ಫೋನ್ ಬರುತ್ತಿತ್ತು. ಊಟಕ್ಕೆ ಕೂತಿರಲಿ, ಮದುವೆಯಲ್ಲಿರಲಿ, "ಯಾಕೆ ಇಳೀತಾ ಇದೆ? ಯಾರಿದ್ದೀರಾ ಅಲ್ಲಿ?" ಎಂದು ಶುರು. ಶಾಖ ಸೋರಿಹೋಗುತ್ತದೆ ಎಂದು ಸೂರಿನ ಹತ್ತಿರದ ಗವಾಕ್ಷಿಗೆ ಥರ್ಮೋಕೋಲ್ ಬಡಿಸಿದರು, ಕಿಟಕಿಗಳಿಗೆ ದಪ್ಪ ಪ್ಲಾಸ್ಟಿಕ್ ಹೊಡೆಸಿದರು. ಹುಳುವಿಗೂ ಗಾಳಿ ಬೇಕು ಸಾರ್ ಎಂದು ನಾನು ಹೇಳಿದೆ. ಒಂದು ಸಲವಲ್ಲ, ಹೇಳಿ ಹೇಳಿ ನಾಲಿಗೆ ಸವೆಯಿತು. "ನೀವು ಹಳೇ ಕಾಲದವರು" ಎಂದು ನಕ್ಕು ಬೆನ್ನು ತಟ್ಟಿದರು.

ನಾರಾಯಣಮ್ಮ ಆ ಕೋಣೆಯ ಆಳು. ಪಕ್ಕದ ಊರಿನವಳು, ಗಂಡ ಇಲ್ಲ, ಮಗಳು ಮಂಜುಳ ವಿಮಾನ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸಕ್ಕಿದ್ದಳು. ನಾರಾಯಣಮ್ಮ ನನ್ನನ್ನು ಅಣ್ಣ ಎನ್ನುತ್ತಿದ್ದಳು, ಬೈಯುವಾಗಲೂ ಅಣ್ಣ ಎಂದೇ ಬೈಯುತ್ತಿದ್ದಳು. ಎಲೆಯಡಿಕೆ ಇಲ್ಲದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಆದರೆ ಹೊಗೆಸೊಪ್ಪಿನ ವಾಸನೆ ಹುಳುವಿಗೆ ಆಗದು ಎಂದು ಚೀಲ ಹೊರಗಿನ ಜಗಲಿಯಲ್ಲಿಟ್ಟು, ಬಾಯಿ ಮುಕ್ಕಳಿಸಿ, ಕಾಲು ತೊಳೆದು ಒಳಗೆ ಬರುತ್ತಿದ್ದಳು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಮೂಗು ಚುರುಕು. ಒಗ್ಗರಣೆ ಘಾಟು, ಊದುಬತ್ತಿ, ಬೀಡಿ ಯಾವುದೂ ಹುಳುವಿನ ಹತ್ತಿರ ಸುಳಿಯಬಾರದು. ಇದ್ದಿಲು ಉರಿಸಬೇಕಾದರೂ ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲಾ ಹೋಗಿ ಕೆಂಡ ನಿಗಿನಿಗಿ ಆದ ಮೇಲೆಯೇ ಒಳಗೆ ತರುವುದು ಪದ್ಧತಿ. ಹೊಗೆ ಇಲ್ಲ, ವಾಸನೆ ಇಲ್ಲ ಎಂದರೆ ಅಪಾಯವೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಈ ಒಂದು ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ.

ಆ ವರ್ಷ ದೀಪಾವಳಿಯ ಪಟಾಕಿ ಸದ್ದು ಇನ್ನೂ ನಿಂತಿರಲಿಲ್ಲ, ಚಳಿ ಬಂದುಬಿಟ್ಟಿತು. ಸಾಮಾನ್ಯವಾಗಿ ಧನುರ್ಮಾಸಕ್ಕೆ ಬರಬೇಕಾದ ಚಳಿ ಅದು. ಕಾರ್ತಿಕದಲ್ಲೇ, ಬಂಗಾಳ ಕೊಲ್ಲಿಯ ಯಾವುದೋ ವಾಯುಭಾರ ಕುಸಿತದ ಜೊತೆ, ಜಿಟಿಜಿಟಿ ಮಳೆಯನ್ನೂ ಕರೆದುಕೊಂಡು ಬಂತು. ದಿನಗಟ್ಟಲೆ ಸೂರ್ಯನ ಮುಖವಿಲ್ಲ. ಹುರುಳಿ ಹೊಲದ ಮೇಲೆ ಮಂಜು ಕೂತರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಬೆಂಗಳೂರಿನವರಿಗೆ ಅದೇ ಹಬ್ಬ. ದೇವನಹಳ್ಳಿ ದಾಟಿ ಬೆಟ್ಟದ ಕಡೆಗೆ ಮುಂಜಾನೆಯೇ ಕಾರುಗಳ ಸಾಲು. ನಮ್ಮೂರು ಕಾಶ್ಮೀರ ಆಯ್ತು ಎಂದು ನನ್ನ ಮೊಬೈಲಿಗೂ ಯಾರೋ ಮಂಜಿನ ಫೋಟೋ ಕಳಿಸಿದ್ದರು. ನಾನು ಆ ಫೋಟೋ ನೋಡುತ್ತಿದ್ದಾಗ ಒಳಗೆ ಹುಳು ಎರಡನೇ ಜ್ವರಕ್ಕೆ ಕೂರುತ್ತಿತ್ತು.

ಕರೆಂಟು ಬಂದು ಬಂದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಹೋದದ್ದು ಬರಲೇ ಇಲ್ಲ. ಎಲ್ಲೋ ಮರ ಬಿದ್ದು ತಂತಿ ಹರಿದಿದೆ ಎಂದರು. ಹೀಟರ್ ತಣ್ಣಗಾಯಿತು. ಬ್ಯಾಟರಿಯ ಮೇಲೆ ನಡೆಯುವ ಡಬ್ಬಿ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಯಜಮಾನರ ಫೋನ್ ಬಂತು. ಇದ್ದಿಲು ಹಾಕುತ್ತಿದ್ದೇವೆ ಎಂದೆ. "ಹಾಕಿ, ಆದ್ರೆ ಬಾಗಿಲು ಕಿಟಕಿ ಎಲ್ಲಾ ಬಿಗಿಯಾಗಿರ್ಲಿ. ನಾಳೆ ರೈತರಿಗೆ ಹುಳ ಕೊಡ್ಬೇಕು" ಎಂದರು.

ಸಂಜೆ ನಾನು ಹೊರಡುವಾಗ ನಾರಾಯಣಮ್ಮ ಅಂಗಳದಲ್ಲಿ ಕೂತು ಒಲೆಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು.

"ಅಣ್ಣ, ಬೇಗ ಹೋಗು. ನಿಂಗ್ ಕೆಮ್ಮು ಐತೆ. ಹುಳದ್ ಮುಂದೆ ಕೆಮ್ಬ್ಯಾಡ" ಎಂದಳು.

"ಬಾಗಿಲು ಒಂದು ಚೂರು ತೆಗ್ದಿರು ನಾರಾಯಣಮ್ಮ, ಒಳಗೆ ಉಸಿರು ಕಟ್ತದೆ."

"ತೆಗ್ದ್ರೆ ಅವ್ರು ಫೋನ್ ಮಾಡಿ ಬಾಯಿಗ್ ಬಂದಂಗ್ ಬೈತಾರೆ. ಹೋದ್ ವರ್ಷ ಬೈಸ್ಕೊಂಡಿದ್ದು ಸಾಲ್ದಾ ನಂಗೆ? ಹೊಗೆ ಎಲ್ಲಾ ಹೋಗೈತೆ ನೋಡು, ಬರೀ ಕೆಂಡ. ಹೋಗಣ್ಣ ನೀನು."

ಬೆಳಿಗ್ಗೆ ನಾನು ಬಂದು ಬಾಗಿಲು ತಟ್ಟಿದೆ. ತೆರೆಯಲಿಲ್ಲ. ಮತ್ತೆ ತಟ್ಟಿದೆ, ಕೂಗಿದೆ. ಹುಳು ತೆಗೆದುಕೊಂಡು ಹೋಗಲು ಬಂದಿದ್ದ ಇಬ್ಬರು ರೈತರು ನನ್ನ ಜೊತೆ ಭುಜ ಕೊಟ್ಟು ಬಾಗಿಲು ಮುರಿದರು. ನಾರಾಯಣಮ್ಮ ತಟ್ಟೆಗಳ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಕೆಂಪಗೆ, ಆರೋಗ್ಯವಾಗಿರುವವರ ಹಾಗೆ. ನಿದ್ದೆ ಹೋಗಿದ್ದಾಳೆ ಎಂದೇ ನಾನು ಭುಜ ಹಿಡಿದು ಅಲುಗಾಡಿಸಿದೆ. ಕೋಣೆ ಬೆಚ್ಚಗಿತ್ತು. ಹುಳು ಜ್ವರ ಬಿಟ್ಟು ಎದ್ದು, ಸೊಪ್ಪಿಗಾಗಿ ತಲೆಯಾಡಿಸುತ್ತಿತ್ತು. ಒಂದೂ ಸತ್ತಿರಲಿಲ್ಲ.

ತಾಲ್ಲೂಕಿನ ಆಸ್ಪತ್ರೆಯ ವೈದ್ಯರು ಹೇಳಿದರು: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಅದರಿಂದ ಬರುವ ವಿಷಗಾಳಿಗೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಹೊಗೆ ಹೋಗಿರುವ ಕೆಂಡ ಎಂದು ನಾವು ನೆಚ್ಚಿಕೊಂಡಿದ್ದೆವಲ್ಲ, ಅದೇ ಕೊಂದದ್ದು. ಹುಳುವಿಗೆ ಅದರಿಂದ ಅಷ್ಟಾಗಿ ಏನೂ ಆಗುವುದಿಲ್ಲವಂತೆ.

ಯಜಮಾನರು ಓಡಿ ಬಂದರು. ಅಂಗಳದಲ್ಲಿ ನಿಂತು ನಿಜವಾಗಿಯೂ ಅತ್ತರು. ಮಣ್ಣಿಗೆ ಬೇಕಾದ ಎಲ್ಲವನ್ನೂ ಮುಂದೆ ನಿಂತು ಮಾಡಿಸಿದರು. ಆದರೆ ಊರಿನವರ ಎದುರು ಅವರ ಬಾಯಿಂದ ಬಂದ ಮಾತು, "ಚಳಿ ತಡೀಲಿಲ್ಲ ಪಾಪ." ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಚಳಿ ಎಂದರೆ ಯಾರ ಮೇಲೂ ತಪ್ಪು ಬರುವುದಿಲ್ಲ, ಚಳಿಯ ಮೇಲೆ ಯಾರೂ ದೂರು ಕೊಡುವುದಿಲ್ಲ. ನಾನು ಪೊಲೀಸರಿಗೆ ಕಿಟಕಿಯ ಪ್ಲಾಸ್ಟಿಕ್ಕು, ಗವಾಕ್ಷಿಯ ಥರ್ಮೋಕೋಲು ತೋರಿಸಿದೆ. ಬರೆದುಕೊಂಡರು. ಅಲ್ಲಿಗೆ ಅದು ಮುಗಿಯಿತು.

ಆ ದಿನ ಹುಳು ಏನಾಯಿತು ಎಂದು ಕೇಳುತ್ತೀರಿ. ರೈತರು ತೆಗೆದುಕೊಂಡು ಹೋದರು. ಸಾವಾದ ಕೋಣೆಯ ಹುಳು ಮನೆಗೆ ತರಬಹುದೇ ಎಂದು ಮೊದಲು ಹಿಂದೆಮುಂದೆ ನೋಡಿದರು. ಆದರೆ ಮನೆಯಲ್ಲಿ ಸೊಪ್ಪು ಕಟಾವಿಗೆ ಬಂದಿತ್ತು, ಬೇರೆ ಹುಳು ಸಿಗುವಂತಿರಲಿಲ್ಲ. ಶುದ್ಧಿಗೆಂದು ತಟ್ಟೆಗಳಿಗೆ ನೀರು ಚಿಮುಕಿಸಿಕೊಂಡು, ಗಾಡಿಗೆ ಹಾಕಿಕೊಂಡು ಹೊರಟರು.

ಚಳಿ ಬಿಡಲಿಲ್ಲ. ಜಿಟಿಜಿಟಿಯೂ ನಿಲ್ಲಲಿಲ್ಲ. ಇಂಥ ಥಂಡಿಯಲ್ಲಿ ಬರುವ ರೋಗವೊಂದಿದೆ, ಸುಣ್ಣಕಟ್ಟು. ಹುಳು ಸತ್ತು, ಗಟ್ಟಿಯಾಗಿ, ಮೈಮೇಲೆಲ್ಲಾ ಬೂಷ್ಟು ಹಿಡಿದು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗಾಗುತ್ತದೆ. ಆ ಬೆಳೆಗೆ ಅದು ಅನೇಕ ಮನೆಗಳಿಗೆ ಬಿತ್ತು. ನಾನು ಮನೆಮನೆಗೂ ಹೋದೆ. ತಟ್ಟೆ ತುಂಬ ಬೆಳ್ಳಗೆ, ಸದ್ದಿಲ್ಲ. ಹುಳು ಸೊಪ್ಪು ತಿನ್ನುವ ಸರಸರ ಸದ್ದು ಕೇಳಿ ಕಿವಿ ಪಳಗಿದ ನನಗೆ ಆ ಮೌನ ತಡೆಯಲಾಗಲಿಲ್ಲ. ಬೆಟ್ಟದ ಮೇಲೆ ಮಂಜು ಹುಡುಕಿಕೊಂಡು ಹೋಗುತ್ತಿದ್ದವರನ್ನು ಕಾರಿನಿಂದ ಇಳಿಸಿ ಈ ಮನೆಗಳಿಗೆ ಕರೆದುಕೊಂಡು ಬರಬೇಕು ಅನಿಸಿತು. ಸಿಟ್ಟಿನ ಮಾತು, ಇರಲಿ.

ಒಂದು ಮನೆಯಲ್ಲಿ ಮುನಿರಾಜು ಎನ್ನುವ ರೈತ, ನನಗೆ ತುಂಬ ಬೇಕಾದವನು, ಹೇಳಿದ: "ಅದು ರೋಗ ಅಲ್ಲ ಸಾರ್. ಆಯಮ್ಮನ ಉಸ್ರು ತಾಕೈತೆ ಹುಳುಗೆ. ಹೊಟ್ಟೆ ಉರ್ಕೊಂಡು ಹೋಗವ್ಳೆ."

"ಮುಚ್ಚಲೇ ಬಾಯಿ!" ಎಂದೆ. "ಅವಳು ಉಸಿರು ಬಿಟ್ಟಿದ್ದು ನಿನ್ನ ಹುಳು ಬೆಚ್ಚಗಿರ್ಲಿ ಅಂತ. ಬಾಯಲ್ಲಿ ಹುಳ ಬೀಳ್ತದೆ, ಅವಳನ್ನ ಅಂದ್ರೆ."

ಅವನು ಬೆಳ್ಳಗಾದ ಹುಳು ಗುಡಿಸತೊಡಗಿದ. ಆದರೆ ಮಾತು ಊರು ಸುತ್ತಿಯಾಗಿತ್ತು. ನಾರಾಯಣಮ್ಮನ ಹನ್ನೊಂದನೆಯ ದಿನಕ್ಕೆ ಹುಳು ಸಾಕುವ ಮನೆಗಳಿಂದ ಹೆಚ್ಚು ಜನ ಬರಲಿಲ್ಲ. ಮಂಜುಳ ಎಲೆ ಹಾಕಿ ಕಾಯುತ್ತಾ ಕೂತಳು. ಬಡಿಸಿದ ಎಲೆಗಳಿಗಿಂತ ಸುತ್ತಿಟ್ಟ ಎಲೆಗಳೇ ಹೆಚ್ಚಾಗಿದ್ದವು.

"ಮಾಮ, ನಮ್ಮಮ್ಮ ಏನ್ ಮಾಡಿದ್ಲು ಇವ್ರಿಗೆ?" ಎಂದು ಕೇಳಿದಳು.

ನಾನು ಅವಳಿಗೆ ವೈದ್ಯರು ಹೇಳಿದ್ದನ್ನೆಲ್ಲ ಹೇಳಿದೆ. ಕೆಂಡ, ಮುಚ್ಚಿದ ಗವಾಕ್ಷಿ, ವಾಸನೆಯಿಲ್ಲದ ಗಾಳಿ. ಅವಳು ಅಳಲಿಲ್ಲ. "ಬಾಗ್ಲು ಒಂಚೂರು ತೆಗ್ದಿದ್ರೆ?" ಎಂದಳು. "ಬದುಕಿರ್ತಿದ್ಳು" ಎಂದೆ. ಅದಕ್ಕಿಂತ ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿರಲಿಲ್ಲ.

ಯಜಮಾನರು ಮುಂದಿನ ಬೆಳೆಗೆ ಒಂದು ಹೊಸ ಏರ್ಪಾಡು ಮಾಡಿದರು. ಚಾಕಿ ಕೋಣೆಯಲ್ಲಿ ಇನ್ನು ಮುಂದೆ ಒಬ್ಬರಲ್ಲ, ಇಬ್ಬರು ಇರಬೇಕು. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಕೂಗಬಹುದಲ್ಲ ಎಂದು. "ಸಾರ್, ಇಬ್ಬರಿದ್ರೆ ಇಬ್ಬರೂ ಹೋಗ್ತಾರೆ" ಎಂದೆ. ಅವರ ಮುಖ ಚಿಕ್ಕದಾಯಿತು. ಆದರೆ ಗವಾಕ್ಷಿ ಹಾಗೆಯೇ ಇತ್ತು. ತೆಗೆಸೋಣ, ಬಿಸಿಲು ಬರಲಿ ಎಂದರು. ಬಿಸಿಲು ಬಂತು, ಮರೆತರು. ಇಬ್ಬರನ್ನು ಇಡುವ ಏರ್ಪಾಡೂ ಆ ಒಂದು ಬೆಳೆಗೇ ಮುಗಿಯಿತು. ನಾನೇ ಕಿತ್ತುಹಾಕಿದ್ದನ್ನು ಎರಡು ಸಲ ಮತ್ತೆ ಬಡಿಸಿದರು.

ನಾರಾಯಣಮ್ಮನ ಜಾಗಕ್ಕೆ ಮಂಜುಳ ಬಂದು ನಿಂತಾಗ ನನಗೆ ಕೆಂಡದಂಥ ಕೋಪ ಬಂತು.

"ನಿಂಗೇನ್ ಬಂದಿದೆ ರೋಗ? ಹೋಟ್ಲಲ್ಲಿ ಚೆನ್ನಾಗಿದ್ದೆ ಅಲ್ವಾ?"

"ಇದ್ದೆ ಮಾಮ. ಆದ್ರೆ ಊರಲ್ಲಿ ನಮ್ಮಮ್ಮನ್ನ ಅಂತಾರಲ್ಲ, ಆ ಕೋಣೇಲಿ ನಾನೇ ಹುಳ ಎಬ್ಬಿಸಿ ತೋರಿಸ್ಬೇಕು" ಎಂದಳು. ಸೊಪ್ಪು ಹೆಚ್ಚುವ ಕತ್ತಿ ಹಿಡಿದು ಕೂತೇಬಿಟ್ಟಳು. ಕೈ ತಾಯಿಯದೇ. ಚಾಕಿ ಹುಳುವಿಗೆ ಬೇಕಾದಷ್ಟು ಸಣ್ಣಗೆ, ಒಂದೇ ಅಳತೆಗೆ ಸೊಪ್ಪು ಬೀಳುತ್ತಿತ್ತು.

ಬೇಸಿಗೆ, ಮಳೆಗಾಲ ಕಳೆಯಿತು. ಮತ್ತೆ ಕಾರ್ತಿಕ. ಮತ್ತೆ ಚಳಿ ಹೇಳದೆ ಕೇಳದೆ ಮುಂಚೆಯೇ ಬಂತು, ಅದರ ಹಿಂದೆಯೇ ಕರೆಂಟು ಹೋಯಿತು. ಹುಳು ಎರಡನೇ ಜ್ವರಕ್ಕೆ ಕೂತಿತ್ತು. ಎಲ್ಲವೂ ಹಿಂದಿನ ವರ್ಷದ ಹಾಗೆಯೇ. ನಾನು ಅಂಗಳದಲ್ಲಿ ಇದ್ದಿಲು ಹೊತ್ತಿಸುವವರನ್ನು ನೋಡುತ್ತಾ ನಿಂತಿದ್ದೆ. ಆ ಸಂಜೆ ಯಜಮಾನರು ಫೋನ್ ಮಾಡದೆ ತಾವೇ ಬಂದರು. ಬಂದು ನೋಡಿದರೆ ಗವಾಕ್ಷಿಯ ಥರ್ಮೋಕೋಲ್ ನೆಲದ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ಎರಡೂ ಕಿಟಕಿಯ ಪ್ಲಾಸ್ಟಿಕ್ ಮೇಲಿಂದ ಕೆಳಗೆ ಸೀಳಿತ್ತು. ಮಂಜುಳ ಸ್ಟೂಲಿನಿಂದ ಇಳಿಯುತ್ತಿದ್ದಳು, ಕೈಯಲ್ಲಿ ಕತ್ತಿ.

"ಏನಮ್ಮಾ ಇದು! ಚಳಿ ಎಲ್ಲಾ ಒಳಗೆ ಬರುತ್ತಲ್ಲಾ!"

"ಬರ್ಲಿ ಸಾರ್."

"ಹುಳ ಕಥೆ ಏನು?"

"ಹುಳ ಒಂದಿನ ತಡ್ವಾಗಿ ಏಳ್ತವೆ. ಒಂದಷ್ಟು ಏಳ್ದೇನೂ ಇರ್ಬೋದು." ಅವಳು ಕತ್ತಿಯನ್ನು ತಟ್ಟೆಯ ಪಕ್ಕ ಇಟ್ಟಳು. "ಒಳಗೆ ನಾನಿರ್ತೀನಲ್ಲ ಸಾರ್."

ಯಜಮಾನರು ನನ್ನ ಕಡೆ ನೋಡಿದರು. ನಾನು ಅವರಿಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಥರ್ಮೋಕೋಲಿನ ತುಂಡೊಂದನ್ನು ನೆಲದಿಂದ ಎತ್ತಿ, ಮತ್ತೆ ಅಲ್ಲೇ ಹಾಕಿದರು. ಆಮೇಲೆ, "ಕಂಬಳಿ ಇದೆಯಾ ನಿನ್ ಹತ್ರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರಿನ ಕಡೆ ನಡೆದುಬಿಟ್ಟರು.

ನಾನು ಮನೆಗೆ ಹೋದೆ, ಆದರೆ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಟುಬಂದೆ. ಮಂಜಿನಲ್ಲಿ ದಾರಿಯೇ ಕಾಣುತ್ತಿರಲಿಲ್ಲ. ಕೇಂದ್ರದ ಅಂಗಳಕ್ಕೆ ಬಂದು ಬಾಗಿಲ ಮುಂದೆ ನಿಂತವನಿಗೆ ತಟ್ಟಲು ಕೈ ಏಳಲಿಲ್ಲ. ಹುಳು ಉಳಿದಿದೆಯೋ ಇಲ್ಲವೋ ಎನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಜೀವಮಾನವೆಲ್ಲ ಹುಳುವಿನ ಯೋಚನೆಯಲ್ಲೇ ಎದ್ದವನು ಅವತ್ತೊಂದು ಬೆಳಿಗ್ಗೆ ಹುಳುವನ್ನು ಮರೆತಿದ್ದೆ. ನಿಮಗೆ ಹೇಳಬೇಕಾದದ್ದು ಏನಾದರೂ ಇದ್ದರೆ ಅದಿಷ್ಟೇ.

ಕೊನೆಗೆ ತಟ್ಟಿದೆ.

ಒಳಗೆ ಯಾರೋ ಕೆಮ್ಮಿದರು. ಚಿಲಕ ಸರಿಯಿತು. ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತಾ ಮಂಜುಳ ಬಾಗಿಲು ತೆಗೆದಳು.

"ಹುಳ ಇನ್ನೂ ಎದ್ದಿಲ್ಲ ಮಾಮ" ಎಂದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.